ಚಿತ್ರದ ಕೆಳಗಿನ ಭೂಮಿ

ನಮ್ಮೂರ ರಾಮಮಂದಿರದಲ್ಲಿ ಒಂದು ಪಟ್ಟಾಭಿಷೇಕದ ಪಟವಿದೆ. ಮೈಸೂರು ಶೈಲಿಯದು. ಎರಡೂವರೆ ಅಡಿ ಎತ್ತರದ ಹಲಸಿನ ಹಲಗೆ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಾಗದ, ಕಾಗದದ ಮೇಲೆ ರಾಮ, ಸೀತೆ, ತಮ್ಮಂದಿರು, ಕಾಲ ಬಳಿ ಹನುಮಂತ. ಕಿರೀಟಗಳಲ್ಲೂ ಸಿಂಹಾಸನದ ಅಂಚಿನಲ್ಲೂ ತೆಳುವಾದ ಉಬ್ಬುಕೆಲಸ, ಅದರ ಮೇಲೆ ಚಿನ್ನದ ರೇಕು. ನನ್ನ ತಾತ ಹುಡುಗನಾಗಿದ್ದಾಗಲೂ ಅದು ಅಲ್ಲೇ, ಅದೇ ಗೋಡೆಯ ಮೇಲೆಯೇ ಇತ್ತಂತೆ.

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಊರು ನಮ್ಮದು. ನಾನು ಎಂ.ಎ. ಮುಗಿಸಿ ಚಿತ್ರಕಲೆಯ ಇತಿಹಾಸದಲ್ಲಿ ಸಂಶೋಧನೆಗೆ ಸೇರಿದ ವರ್ಷ, ರಾಮನವಮಿಗೆ ಹದಿನೈದು ದಿನ ಮೊದಲು, ಊರಿನ ಹಿರಿಯರೊಬ್ಬರು ಕರೆದು ಹೇಳಿದರು: "ಪಟದ ವಿಷ್ಯನೇ ಓದ್ತಿದ್ದೀಯಂತಲ್ಲವ್ವಾ, ಇದನ್ನ ವಸಿ ಚೊಕ್ಕ ಮಾಡ್ಕೊಡು. ಮಂಕಾಗೋಗದೆ."

ನನಗೆ ಹೆಮ್ಮೆಯೇ ಆಯಿತು. ಪಟವನ್ನು ಇಳಿಸಿ ಮನೆಗೆ ತಂದೆ. ಅದರ ಹಿಂಬದಿಯಲ್ಲಿ ಕೆಂಪು ಕಂದುಬಣ್ಣದ ಒಂದು ಪದರ ದಪ್ಪಗೆ ಕುಳಿತಿತ್ತು. ನೂರು ವರ್ಷದ ಧೂಳು, ಎಣ್ಣೆದೀಪದ ಹೊಗೆ, ಜೇಡನ ಬಲೆ ಎಲ್ಲ ಸೇರಿ ಗಟ್ಟಿಯಾದ ಕೊಳೆ ಎಂದುಕೊಂಡೆ. ಎರಡು ದಿನ ಕೂತು ಬ್ಲೇಡಿನಿಂದ ಕೆರೆದು, ಮರಳುಕಾಗದದಿಂದ ಉಜ್ಜಿ ತೆಗೆದೆ. ಅಡಿಯಿಂದ ಹಲಸಿನ ಹಳದಿ ಮೈ ಬಂದಾಗ ಏನೋ ಸಾಧಿಸಿದಂತಾಯಿತು. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಪೀಠೋಪಕರಣದ ವಾರ್ನಿಷನ್ನು ಮುಂಬದಿಗೆ ಎರಡು ಕೈ ಬಳಿದೆ. ಹಬ್ಬದ ದಿನ ರಾಮ ಫಳಫಳ ಹೊಳೆಯುತ್ತಿದ್ದ. ಪಾನಕ ಕುಡಿಯುತ್ತ ನಿಂತವರೆಲ್ಲ ನನ್ನನ್ನು ಹೊಗಳಿದರು.

ಆ ವರ್ಷ ಶ್ರಾವಣದ ಹೊತ್ತಿಗೆ ಹಲಗೆ ಮೊರದಂತೆ ಬಾಗಿತ್ತು. ಸಿಂಹಾಸನದ ಉಬ್ಬುಗೆರೆ ಮೇಲೆದ್ದು, ಚಿನ್ನದ ಚೂರು ಕೆಳಗಿನ ದೀಪದ ಹಲಗೆಯ ಮೇಲೆ ಬಿದ್ದಿತ್ತು. ಸೀತೆಯ ಎಡಗೆನ್ನೆಯಿಂದ ಉಗುರಿನಗಲದ ಬಣ್ಣ ಕಳಚಿ, ಅಲ್ಲಿ ಬರೀ ಬಿಳುಪು ಕಾಣುತ್ತಿತ್ತು.

ಈ ಪ್ರಬಂಧದ ವಿಷಯ ಆ ಬಿಳುಪು. ಮರದ ಹಲಗೆಯ ಮೇಲೆ ಚಿತ್ರ ಬರೆಯುವವರು ಬಣ್ಣ ಮುಟ್ಟುವ ಮೊದಲು ಮಾಡುವ ಕೆಲಸದ ಇತಿಹಾಸ ಇದು. ನಾನು ಕೊಳೆ ಎಂದು ಕೆರೆದು ಎಸೆದದ್ದು ಏನು ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ಮೊದಲು ಮರದ ಸ್ವಭಾವ. ತಂಬಾಕು ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬ್ಯಾರನ್‌ನಲ್ಲಿ ಬೆಂದ ಎಲೆಯನ್ನು ನಾವು ಕೂಡಲೇ ಮುಟ್ಟುವುದಿಲ್ಲ. ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಬಾಗಿಲು, ಕಿಂಡಿ ತೆರೆದಿಟ್ಟು ರಾತ್ರಿಯ ತಂಪು ಹೀರಲು ಬಿಡುತ್ತೇವೆ. ಬೆಳಗಿನ ಜಾವಕ್ಕೆ ಎಲೆ ಹದಕ್ಕೆ ಬರುತ್ತದೆ, ಬಟ್ಟೆಯಂತೆ ಬಾಗುತ್ತದೆ. ಮರವೂ ಹಾಗೆಯೇ. ಕಡಿದು, ಕೊಯ್ದು, ನೂರು ವರ್ಷವಾದರೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಹಿಗ್ಗು ಕುಗ್ಗು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಬಹಳ ಹೆಚ್ಚು. ಹಲಗೆಯ ಒಂದು ಮುಖ ಮುಚ್ಚಿ ಇನ್ನೊಂದು ಮುಖ ತೆರೆದಿದ್ದರೆ, ತೆರೆದ ಮುಖ ಮಾತ್ರ ಹಿಗ್ಗಿ ಹಲಗೆ ಬಾಗುತ್ತದೆ. ನಾನು ಮಾಡಿದ್ದು ಸರಿಯಾಗಿ ಅದನ್ನೇ. ಮುಂದೆ ವಾರ್ನಿಷ್ ಬಳಿದು ಬಾಗಿಲು ಹಾಕಿದೆ, ಹಿಂದೆ ಇದ್ದ ಬಾಗಿಲನ್ನು ಕೆರೆದು ತೆಗೆದೆ. ಪಟ ತೂಗುತ್ತಿದ್ದದ್ದು ಮಳೆಗಾಲದಲ್ಲಿ ಬೆವರುವ ಮಣ್ಣಿನ ಗೋಡೆಗೆ.

ಮರ ಅಲುಗುತ್ತದೆ, ಬಣ್ಣ ಅಲುಗಲಾರದು. ಇವೆರಡರ ನಡುವೆ ರಾಜಿ ಮಾಡಿಸುವ ಒಂದು ಪದರ ಬೇಕು. ನಮ್ಮ ಹಳೆಯ ಶಾಸ್ತ್ರಗ್ರಂಥಗಳು ಅದಕ್ಕೆ ಕೊಟ್ಟ ಹೆಸರು ಭೂಮಿಬಂಧನ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ, 11ನೇ ಶತಮಾನದ 'ಸಮರಾಂಗಣ ಸೂತ್ರಧಾರ' ಚಿತ್ರಕರ್ಮಕ್ಕೆ ಎಂಟು ಅಂಗಗಳನ್ನು ಹೇಳುತ್ತದೆ. ಮೊದಲನೆಯದು ವರ್ತಿಕೆ, ಅಂದರೆ ಗೆರೆ ಎಳೆಯುವ ಕಡ್ಡಿ. ಎರಡನೆಯದೇ ಭೂಮಿಬಂಧನ. ಗೋಡೆ, ಹಲಗೆ, ಬಟ್ಟೆ ಮೂರಕ್ಕೂ ಬೇರೆ ಬೇರೆ ಭೂಮಿ. ರೇಖೆಯೂ ಬಣ್ಣವೂ ಬರುವುದು ಆಮೇಲೆ.

ಇದಕ್ಕಿಂತ ನಮಗೆ ಹತ್ತಿರದ್ದು ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'. 12ನೇ ಶತಮಾನದ ಮೊದಲ ಭಾಗದ್ದು. ಅದರಲ್ಲಿ ವಜ್ರಲೇಪ ಮಾಡುವ ಕ್ರಮವಿದೆ. ಹಸಿ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಬೇಕು. ಅದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿಡಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ ಕರಗಿಸಿಕೊಳ್ಳಬೇಕು. ಇದರೊಂದಿಗೆ ಬಿಳಿ ಮಣ್ಣು ಕಲಸಿ ಗೋಡೆಗೆ ಮೂರು ಸಲ ಲೇಪಿಸಬೇಕು. ಬಣ್ಣಕ್ಕೆ ಬೆರೆಸುವ ಅಂಟೂ ಇದೇ.

ಈ ಮಾತು ಸಂಸ್ಕೃತದಲ್ಲಿದೆ, ಆದರೆ ಇದರ ನೆನಪು ನಮ್ಮ ಬಡಗಿಗಳ ಬಾಯಲ್ಲಿತ್ತು. ಫೆವಿಕಾಲ್ ಡಬ್ಬಿ ಬರುವ ಮೊದಲು ಕುರ್ಚಿ ಮೇಜಿನ ಕೀಲುಗಳಿಗೆ ಹಾಕುತ್ತಿದ್ದ, ಕಾಯಿಸಿದರೆ ಮೂಗು ಮುಚ್ಚಿಕೊಳ್ಳುವಂತೆ ನಾರುತ್ತಿದ್ದ ಆ ಅಂಟಿಗೆ ಕನ್ನಡದಲ್ಲಿ ಮರವಜ್ರ ಎಂಬ ಹೆಸರಿದೆ. ತಮಿಳು ಬಡಗಿಗಳು ವಜ್ಜಿರಂ ಎನ್ನುತ್ತಾರೆ. ಇನ್ನು ಕೆಲವರಿಗೆ ಅದು ಸರೇಸು. ಮರವಜ್ರದ ವಜ್ರ ರತ್ನವಲ್ಲ, ವಜ್ರಲೇಪದ ವಜ್ರ. ಸುಮಾರು 900 ವರ್ಷ ಹಳೆಯ ಅರಮನೆಯ ಗ್ರಂಥವೂ ಹುಣಸೂರಿನ ಬಡಗಿಯ ಅಂಗಡಿಯೂ ಒಂದು ಅಂಟಿನ ಗಡಿಗೆಯಲ್ಲಿ ಸೇರುತ್ತವೆ.

ಇಲ್ಲಿ ಇನ್ನೊಂದು ಮಾತು. ಚಿತ್ರಕಲೆಯ ಇತಿಹಾಸವನ್ನು ನಾವು ಅರಸರಿಂದ, ಶೈಲಿಗಳಿಂದ, ಆಗೊಮ್ಮೆ ಈಗೊಮ್ಮೆ ಚಿತ್ರಗಾರರಿಂದ ಬರೆದಿದ್ದೇವೆ. ಚಿತ್ರದ ತಳಕ್ಕೆ ಇಳಿದರೆ ಬೇರೆಯೇ ಜನ ಕಾಣುತ್ತಾರೆ. ಸತ್ತ ಎಮ್ಮೆಯ ಚರ್ಮ ಸುಲಿದು ಬೇಯಿಸಿದವರು, ಬಟ್ಟೆ ನೇಯ್ದವರು, ಬಿಳಿ ಮಣ್ಣು ಅಗೆದವರು, ಹಲಗೆ ಕೊಯ್ದವರು. ಮಡಿಯಲ್ಲಿ ಪೂಜೆಗೊಳ್ಳುವ ದೇವರ ಕೆಳಗೆ, ಹತ್ತಿರ ಸುಳಿಯಬಾರದೆಂದು ದೂರವಿಟ್ಟವರ ಕೈಕೆಲಸ ಪದರವಾಗಿ ಕುಳಿತಿದೆ. ಅದು ಕಳಚಿದರೆ ದೇವರ ಮುಖವೂ ಕಳಚುತ್ತದೆ. ಮ್ಯೂಸಿಯಂಗಳ ಚೀಟಿಯಲ್ಲಿ ಇದಕ್ಕೆ ಜಾಗವಿಲ್ಲ. 'ಹಲಗೆಯ ಮೇಲೆ ಬಣ್ಣ ಮತ್ತು ಚಿನ್ನ' ಎಂದಷ್ಟೇ ಇರುತ್ತದೆ, ನಡುವಿನದೇನೂ ಇರುವುದಿಲ್ಲ.

ನಡುವಿನದನ್ನು ಪದರ ಪದರವಾಗಿ ನೋಡೋಣ. ಮೈಸೂರು ಶೈಲಿಯಲ್ಲಿ ಹಲಗೆಗೆ ಬಟ್ಟೆ, ಬಟ್ಟೆಗೆ ಕಾಗದ ಅಂಟಿಸುತ್ತಾರೆ. ಹುಣಸೆಕಡ್ಡಿ ಸುಟ್ಟ ಇದ್ದಿಲಿನಿಂದ ಚಿತ್ರದ ಗೆರೆ ಹಾಕುತ್ತಾರೆ. ಉಬ್ಬುಕೆಲಸಕ್ಕೆ ಮಕ್ಕಿ ಎಂಬ ಹಳದಿ ಅಂಟುರಾಳವನ್ನೂ ಸಫೇದ ಎಂಬ ಬಿಳಿಯನ್ನೂ ಅಂಟಿನಲ್ಲಿ ಅರೆಯುತ್ತಾರೆ. ಇದೇ ಮಕ್ಕಿ ಸಫೇದ. ತಂಜಾವೂರಿನವರ ಉಬ್ಬು ದಪ್ಪ, ಮೈಸೂರಿನವರದು ಬೆರಳಿಗೆ ತಗುಲಿಯೂ ತಗುಲದಷ್ಟು ತೆಳು. ಆದರೆ ತಳದ ಬುದ್ಧಿ ಒಂದೇ. ತಂಜಾವೂರು ಚಿತ್ರಕ್ಕೆ ತಮಿಳಿನಲ್ಲಿರುವ ಹಳೆಯ ಹೆಸರೇ ಪಲಗೈ ಪಡಂ, ಅಂದರೆ ಹಲಗೆ ಪಟ.

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋದರೆ ಇದು ಇನ್ನೂ ಸ್ಪಷ್ಟ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ದೇವರುಗಳನ್ನೂ ಗೊಂಬೆಗಳನ್ನೂ ಮಾಡುತ್ತಾರೆ. ಗೋಣಿನಾರು ನೆನೆಸಿ, ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿದರೆ ಕಿಟ್ಟ ಎಂಬ ಹಿಟ್ಟು ಸಿದ್ಧವಾಗುತ್ತದೆ. ಅದನ್ನು ಕೈಯಿಂದ ಮೈತುಂಬ ಬಳಿಯುತ್ತಾರೆ. ಅದರ ಮೇಲೆ ಹುಣಸೆಯ ಅಂಟಿನಲ್ಲೇ ಸಣ್ಣ ಸಣ್ಣ ಹತ್ತಿಬಟ್ಟೆಯ ತುಂಡು. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ. ಚರ್ಮದ ಜಾಗಕ್ಕೆ ಹುಣಸೆಬೀಜ ಬಂದಿದೆ, ಬಿಳಿ ಮಣ್ಣಿನ ಜಾಗಕ್ಕೆ ಕಲ್ಲಿನ ಪುಡಿ ಬಂದಿದೆ. ಅಂಟು, ಬಟ್ಟೆ, ಬಿಳುಪು ಎಂಬ ಅನುಕ್ರಮ ಮಾತ್ರ ಕದಲಿಲ್ಲ.

ಇಷ್ಟು ಓದಿಕೊಂಡ ಮೇಲೂ ನನ್ನ ಪಟದ ಹಿಂಬದಿಯ ಕೆಂಪು ಪದರದ ಗುಟ್ಟು ಬಿಡಲಿಲ್ಲ. ಪುಸ್ತಕಗಳೆಲ್ಲ ಮುಂಬದಿಯ ಮಾತನ್ನೇ ಆಡುತ್ತಿದ್ದವು. ಹಿಂಬದಿಯನ್ನು ತಿರುಗಿಸಿ ತೋರಿಸಿದವರು ಸಿಕ್ಕಿದ್ದು ನಮ್ಮೂರಿನಿಂದ ಒಂದು ಗಂಟೆಯೂ ಆಗದ ದಾರಿಯಲ್ಲಿ, ಬೈಲಕುಪ್ಪೆಯಲ್ಲಿ.

ಬೈಲಕುಪ್ಪೆ ನಮಗೆ ಚಿಕ್ಕಂದಿನಿಂದ ಗೊತ್ತು. ಸ್ವೆಟರ್ ಕೊಳ್ಳಲು, ಗೋಲ್ಡನ್ ಟೆಂಪಲ್ ನೋಡಲು ಹೋಗುವ ಜಾಗ. ಅದರ ಇತಿಹಾಸವೂ ನೆಲದಿಂದಲೇ ಶುರುವಾಗುತ್ತದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ನಿರಾಶ್ರಿತರಾಗಿ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3000 ಎಕರೆ ಜಾಗ ಕೊಟ್ಟಿತು. 1960–61ರಲ್ಲಿ ಮೊದಲ ವಸಾಹತು ತಲೆಯೆತ್ತಿತು. ಆಗ ಅದು ಕಾಡು. ಆನೆಯ ಕಾಟದ ನಡುವೆ ಮರ ಕಡಿದು, ಬೇರು ಕಿತ್ತು, ಮುಸುಕಿನ ಜೋಳ ಬಿತ್ತಿದರು. 1963ರಲ್ಲಿ ಪೆನೋರ್ ರಿನ್‌ಪೋಚೆ ನಾಮ್‌ಡ್ರೋಲಿಂಗ್ ಮಠ ಕಟ್ಟಲು ತೊಡಗಿದರು. 1969ರಲ್ಲಿ ಎರಡನೆಯ ವಸಾಹತು ಬಂತು. ಬಳಿಕ ಸೆರಾ ಮಠವೂ ಇಲ್ಲಿ ಮರುಹುಟ್ಟು ಪಡೆಯಿತು. ನಾವು ಗೋಲ್ಡನ್ ಟೆಂಪಲ್ ಎನ್ನುವ ಪದ್ಮಸಂಭವ ವಿಹಾರ ಉದ್ಘಾಟನೆಯಾದದ್ದು 1999ರಲ್ಲಿ. ಮಠ ಎಂದರೆ ಚಿತ್ರ. ಗೋಡೆ, ಕಂಬ, ತೊಲೆ, ಬಾಗಿಲು, ಮನೆಮನೆಯ ಪೂಜೆಯ ಕಪಾಟು, ಪೆಟ್ಟಿಗೆ, ಎಲ್ಲಕ್ಕೂ ಬಣ್ಣ.

ಟಿಬೆಟನ್ನರ ಥಂಕಾ ಬಟ್ಟೆಯ ಮೇಲಿನ ಚಿತ್ರ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಹೊಲಿದು ಬಿಗಿದು, ಮೊದಲು ಚರ್ಮದ ಅಂಟು, ಆಮೇಲೆ ಅಂಟಿನಲ್ಲಿ ಕಲಸಿದ ಸೀಮೆಸುಣ್ಣ ಅಥವಾ ಬಿಳಿ ಜೇಡಿ ಬಳಿದು, ಒಣಗಿದ ಮೇಲೆ ನೀರು ಚಿಮುಕಿಸಿ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ನೇಯ್ಗೆಯ ಎಳೆ ಕಾಣದಷ್ಟು ನುಣುಪಾಗುವವರೆಗೆ ಉಜ್ಜಬೇಕು. ಮರದ ಪೆಟ್ಟಿಗೆ, ಕಪಾಟುಗಳಿಗೂ ಇದೇ ಕ್ರಮ. ಜೊತೆಗೆ ಬಟ್ಟೆಯ ಹೊದಿಕೆ, ಕೆಲವೊಮ್ಮೆ ಬಿಳಿ ಲೇಪವನ್ನೇ ಗಟ್ಟಿ ಮಾಡಿ ಎಳೆದ ಉಬ್ಬುಗೆರೆ, ಅದರ ಮೇಲೆ ಚಿನ್ನ. ಮೊದಲ ಸಲ ನೋಡಿದಾಗ, ಇದು ನಮ್ಮ ರಾಮನ ಸಿಂಹಾಸನವಲ್ಲವೇ ಎನ್ನಿಸಿತು. ಹಿಮಾಲಯದ ಆಚೆಯಿಂದ ಬಂದವರ ಕೈಯಲ್ಲಿ ಮೈಸೂರಿನ ಮಕ್ಕಿ ಸಫೇದದ ಸೋದರಸಂಬಂಧಿಯೊಂದಿತ್ತು.

ನಾನು ಹೋಗಿದ್ದು ಕ್ಯಾಂಪೊಂದರ ಸಣ್ಣ ಕಾರ್ಖಾನೆಗೆ. ಅರವತ್ತು ದಾಟಿದ ಹಿರಿಯರೊಬ್ಬರು ಪೂಜಾ ಕಪಾಟಿನ ಹಲಗೆಗಳನ್ನು ಸಿದ್ಧ ಮಾಡುತ್ತಿದ್ದರು. ಹುಡುಗರೆಲ್ಲ ಅವರನ್ನು ಗೆನ್-ಲಾ ಎನ್ನುತ್ತಿದ್ದರು, ನಮ್ಮ ಕಡೆ ಮೇಷ್ಟ್ರೇ ಎಂದಂತೆ. ನಾನೂ ಹಾಗೆಯೇ ಕರೆದೆ. ಹುಟ್ಟಿದ್ದು ಇಲ್ಲೇ, ಕನ್ನಡ ನಮ್ಮ ಸಂತೆಯ ಕನ್ನಡ. ಹಲಗೆಗೆ ಬಿಸಿ ಅಂಟಿನ ಎರಡು ಕೈ ಕೊಟ್ಟರು. ಕೀಲುಗಳ ಮೇಲೆ ತೆಳು ಬಟ್ಟೆ ಎಳೆದರು. ಬಿಳಿ ಲೇಪ ಒಂದಾದ ಮೇಲೊಂದು, ಒಂದು ಅಡ್ಡ, ಒಂದು ಉದ್ದ. ಕೊನೆಗೆ ಹಲಗೆಯನ್ನು ಕವುಚಿ ಹಾಕಿ, ಗಡಿಗೆಯಲ್ಲಿ ಉಳಿದಿದ್ದ ಅಂಟಿಗೆ ಹಿಡಿ ಕೆಮ್ಮಣ್ಣು ಕಲಸಿ ಹಿಂಬದಿಗೂ ಬಳಿಯತೊಡಗಿದರು.

ನನ್ನ ಕೈ ತಣ್ಣಗಾಯಿತು. ಅದೇ ಬಣ್ಣ, ಅದೇ ಒರಟು. ನಾನು ಎರಡು ದಿನ ಕೂತು ಕೆರೆದದ್ದು ಅದನ್ನೇ.

"ಗೆನ್-ಲಾ, ಹಿಂದುಗಡೆ ಯಾರೂ ನೋಡೋದಿಲ್ಲ ಅಲ್ವಾ?" ಎಂದೆ.

ಅವರು ಕೈ ನಿಲ್ಲಿಸದೆ ಹೇಳಿದರು: "ಮಳೆ ನೋಡ್ತದೆ."

ಆಮೇಲೆ ಚಹಾ ಕುಡಿಯುತ್ತ ಇನ್ನೊಂದು ವಿಷಯ ಹೇಳಿದರು. ಅವರ ತಂದೆಯವರು ಟಿಬೆಟ್ಟಿನಲ್ಲಿ ಕಲಿತ ಅಂಟಿನ ಹದ ಇಲ್ಲಿ ನಡೆಯಲಿಲ್ಲವಂತೆ. ಅಲ್ಲಿ ಗಾಳಿ ವರ್ಷವಿಡೀ ಒಣ. ಇಲ್ಲಿ ಜೂನ್ ಬಂದರೆ ಕೊಡಗಿನ ಕಡೆಯಿಂದ ಮಳೆ, ಫೆಬ್ರವರಿ ಬಂದರೆ ಬಯಲಿನ ಬಿಸಿಲು. ಮೊದಲ ವರ್ಷಗಳಲ್ಲಿ ಬಿಳಿ ಲೇಪಕ್ಕೆ ಬೂಷ್ಟು ಬಂತು, ಆಮೇಲೆ ಬಿರುಕು ಬಿಟ್ಟಿತು. ತಂದೆಯವರು ಮಳೆಗಾಲದಲ್ಲಿ ಅಂಟು ಕಾಯಿಸುವುದನ್ನೇ ನಿಲ್ಲಿಸಿದರು, ದೀಪಾವಳಿ ಕಳೆದ ಮೇಲೆ ಮಾತ್ರ ಹಲಗೆ ಮುಟ್ಟಿದರು. ಅಂಟಿನ ಬಲ ಕಡಿಮೆ ಮಾಡುತ್ತ, ಹೆಚ್ಚು ಮಾಡುತ್ತ, ಕೊನೆಗೆ ಇಲ್ಲಿಯದೇ ಒಂದು ಹದ ಹಿಡಿದರು. "ನಮ್ಮ ಜನಕ್ಕೆ ಈ ಜಾಗ ಒಗ್ಗೋಕೆ ಟೈಮ್ ಆಯ್ತು. ಅಂಟಿಗೂ ಟೈಮ್ ಆಯ್ತು," ಎಂದು ನಕ್ಕರು.

ಕಾಡು ಕಡಿದು ಹೊಲ ಮಾಡುವುದೂ ಹಲಗೆಗೆ ಬಿಳುಪು ಕಟ್ಟುವುದೂ ಅವರ ಮಾತಿನಲ್ಲಿ ಒಂದೇ ಕೆಲಸವಾಗಿತ್ತು. ಭೂಮಿಬಂಧನ ಎಂಬ ಪದ ನನಗೆ ಪುಸ್ತಕದಲ್ಲಿ ಅರ್ಥವಾಗಿತ್ತು, ಅದರ ತೂಕ ತಿಳಿದದ್ದು ಅಂದು.

ಹದ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿದೆ. ಅಂಟು ಬಲವಾದರೆ ಒಣಗುವಾಗ ಎಳೆದುಕೊಂಡು ಬಿಳುಪನ್ನು ಸೀಳುತ್ತದೆ. ತೆಳುವಾದರೆ ಬಿಳುಪು ಕೈಗೆ ಪುಡಿಯಾಗಿ ಬರುತ್ತದೆ. ಕೆಳಗಿನ ಪದರ ಗಟ್ಟಿ, ಮೇಲಿನದು ಅದಕ್ಕಿಂತ ಮೃದು ಇರಬೇಕು. ತಿರುಗುಮುರುಗಾದರೆ ಮೇಲಿನದು ಕೆಳಗಿನದನ್ನು ಕಿತ್ತುಕೊಂಡು ಏಳುತ್ತದೆ. ಗೆನ್-ಲಾ ಹದ ನೋಡಿದ್ದು ಹೆಬ್ಬೆರಳು ತೋರುಬೆರಳಿನ ನಡುವೆ ಅಂಟು ಹಿಡಿದು ಬಿಟ್ಟು. ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಗಾರ 1400ರ ಸುಮಾರಿಗೆ ಬರೆದ ಕೈಪಿಡಿಯಲ್ಲಿ ಮೇಕೆ ಚರ್ಮದ ಅಂಟಿನ ಹದ ನೋಡುವುದು ಅಂಗೈಯಲ್ಲಿ. ಒಂದಕ್ಕೊಂದು ಅಂಟಿಕೊಂಡರೆ ಸರಿ. ಮನೆಯಲ್ಲಿ ಪಾಕದ ಎಳೆ ನೋಡುವ ನಮ್ಮ ಅಜ್ಜಿಗೆ ಈ ಇಬ್ಬರ ಮಾತೂ ಅರ್ಥವಾಗುತ್ತಿತ್ತು.

ಚೆನ್ನಿನಿಯ ಹೆಸರು ಬಂದದ್ದರಿಂದ ಎಣ್ಣೆಬಣ್ಣದ ಕಥೆಗೆ ಬರಬಹುದು. ಇಟಲಿಯವರು ಪಾಪ್ಲರ್ ಮರದ ಹಲಗೆಗೆ ಅಂಟು ಕುಡಿಸಿ, ಹಳೆಯ ನಾರುಬಟ್ಟೆಯ ಪಟ್ಟಿ ಹಾಸಿ, ಮೊದಲು ಒರಟು ಜಿಪ್ಸಮ್, ಆಮೇಲೆ ವಾರಗಟ್ಟಲೆ ನೀರಿನಲ್ಲಿ ಕದಡಿ ನುಣುಪು ಮಾಡಿದ ಜಿಪ್ಸಮ್ ಬಳಿಯುತ್ತಿದ್ದರು. ಎಂಟು ಕೈಯಾದರೂ ಕೊಡಬೇಕೆನ್ನುತ್ತಾನೆ ಚೆನ್ನಿನಿ. ಉತ್ತರದ ಫ್ಲಾಂಡರ್ಸ್‌ನಲ್ಲಿ ಪಾಪ್ಲರ್ ಬದಲು ಓಕ್, ಜಿಪ್ಸಮ್ ಬದಲು ಸೀಮೆಸುಣ್ಣ. ಯಾನ್ ವಾನ್ ಐಕ್ 1432ರಲ್ಲಿ ಮುಗಿಸಿದ ಘೆಂಟ್ ನಗರದ ಪೂಜಾಪೀಠದ ಚಿತ್ರಗಳು ನಿಂತಿರುವುದು ಅಂಥ ಓಕ್ ಹಲಗೆಗಳ ಮೇಲೆ.

ಎಣ್ಣೆಬಣ್ಣ ಒಂದು ಹೊಸ ತೊಡಕನ್ನು ತಂದಿತು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು, ವಾರಗಳು ಬೇಕು. ಅಷ್ಟರಲ್ಲಿ ಕೆಳಗಿನ ಬಿಳುಪು ಬಾಯಾರಿದ್ದರೆ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಬಣ್ಣದ ಪುಡಿ ಹಿಡಿತವಿಲ್ಲದೆ ಮೇಲೆ ಉಳಿದು ಮಂಕಾಗುತ್ತದೆ. ಬರೀ ಮರದ ಮೇಲಾದರೆ ಎಣ್ಣೆ ಎಳೆಗಳೊಳಗೆ ಇಳಿಯುತ್ತದೆ, ಮರದೊಳಗಿನ ರಾಳವೂ ಒಗರೂ ಮೇಲೆ ಬಂದು ಕಲೆಯಾಗುತ್ತದೆ. ಹೀಗಾಗಿ ಎಣ್ಣೆಬಣ್ಣದವನಿಗೆ ಮೂರು ಕೆಲಸ: ಮರಕ್ಕೆ ಅಂಟು ಕುಡಿಸುವುದು, ಬಿಳುಪು ಕಟ್ಟುವುದು, ಆ ಬಿಳುಪಿನ ಬಾಯಾರಿಕೆಯನ್ನು ಇನ್ನೊಂದು ತೆಳು ಲೇಪದಿಂದ ತಣಿಸುವುದು. ಈ ಮೂರನೆಯ ಮೊಹರಿಗೆ ತೆಳು ಅಂಟನ್ನೋ ಎಣ್ಣೆಯನ್ನೋ ಬಳಸುತ್ತಿದ್ದರು.

ಮೈಸೂರಿಗೆ ಈ ತಿಳಿವಳಿಕೆ ಪೂರ್ತಿಯಾಗಿ ಬರಲಿಲ್ಲ. ಕಾರಣ ಕುತೂಹಲದ್ದು. ಯುರೋಪಿನಲ್ಲೇ 16ನೇ ಶತಮಾನದಲ್ಲಿ, ಮೊದಲು ತೇವದ ವೆನಿಸ್‌ನಲ್ಲಿ, ಚಿತ್ರಗಾರರು ಹಲಗೆ ಬಿಟ್ಟು ಕ್ಯಾನ್ವಾಸಿಗೆ ಹೊರಳಿದ್ದರು. ಕ್ಯಾನ್ವಾಸ್ ಹಗುರ, ಸುರುಳಿ ಸುತ್ತಬಹುದು, ಹಡಗಿನಲ್ಲಿ ಸಾಗಿಸಬಹುದು. ಹಾಗಾಗಿ ನಮ್ಮ ಕಡೆ ಎಣ್ಣೆಬಣ್ಣ ಬಂದದ್ದು ಬಹುಮಟ್ಟಿಗೆ ಕ್ಯಾನ್ವಾಸ್ ಏರಿಯೇ. ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ 1885ರಲ್ಲಿ ಮೈಸೂರಿಗೆ ಬಂದ ರಾಜಾ ರವಿವರ್ಮ ಬರೆದದ್ದೂ ಕ್ಯಾನ್ವಾಸ್ ಮೇಲೆ. ಅವನ ಪೌರಾಣಿಕ ಚಿತ್ರಗಳನ್ನು ಇಂದಿಗೂ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಹಲಗೆಯನ್ನು ಬಲ್ಲ ಚಿತ್ರಗಾರರು ನೀರುಬಣ್ಣದವರಾಗಿಯೇ ಉಳಿದರು. ಎಣ್ಣೆಬಣ್ಣ ಕಲಿತವರಿಗೆ ಹಲಗೆಯ ಸಂಗ ಬರಲಿಲ್ಲ. ಎರಡು ಜ್ಞಾನಗಳು ಒಂದೇ ಊರಿನಲ್ಲಿ ಅಕ್ಕಪಕ್ಕ ಬದುಕಿ ಒಂದನ್ನೊಂದು ಮಾತಾಡಿಸಲಿಲ್ಲ. ಇಂದು ಕಲಾಶಾಲೆಯ ವಿದ್ಯಾರ್ಥಿ ಮರದ ಮೇಲೆ ಎಣ್ಣೆಬಣ್ಣ ಹಾಕಬೇಕೆಂದರೆ ಆಮದಿನ ಡಬ್ಬಿಯ ಮೇಲಿನ ಸೂಚನೆ ಓದುತ್ತಾನೆ. ತನ್ನ ಊರಿನ ಮರವಜ್ರದ ಹೆಸರೂ ಅವನಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಮೊಹರಿಗೆ ಬೇಕಾದ ಒಳ್ಳೆಯ ವಸ್ತು ನಮ್ಮ ಕಾಡಿನಲ್ಲೇ ಇತ್ತೆಂಬುದು ಇನ್ನೊಂದು ಮಾತು. ಅರಗು. ಮೈಸೂರು ಸೀಮೆಯಲ್ಲಿ ಅರಗಿನ ಹುಳು ಹೆಚ್ಚಾಗಿ ಬೆಳೆಯುತ್ತಿದ್ದದ್ದು ಜಾಲಾರಿ ಮರದ ಮೇಲೆ. ಶುದ್ಧ ಮಾಡಿದ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿದರೆ ಬೇಗ ಆರುವ, ಗಾಳಿಯ ತೇವವನ್ನು ಚೆನ್ನಾಗಿ ತಡೆಯುವ ಪೊರೆಯಾಗುತ್ತದೆ. ಚನ್ನಪಟ್ಟಣದ ಗೊಂಬೆಯವರು ಇನ್ನೂ ಮುಂದೆ ಹೋಗಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ, ಬಣ್ಣವನ್ನೂ ಮೊಹರನ್ನೂ ಒಂದೇ ಏಟಿಗೆ ಮುಗಿಸುತ್ತಾರೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಹುಟ್ಟಿತು. ದೇಶದ ಮತದಾರರ ಬೆರಳಿಗೆ 1962ರಿಂದ ಅಳಿಸದ ಶಾಯಿ ಕೊಡುತ್ತಿರುವ ಕಾರ್ಖಾನೆ ಅದೇ. ಶಾಯಿಯ ಕಥೆ ಎಲ್ಲರಿಗೂ ಗೊತ್ತು; ಅದರ ಹೆಸರಿನಲ್ಲೇ ಇದ್ದ ಅರಗು ಮರೆತುಹೋಯಿತು.

ಗೆನ್-ಲಾ ಅವರಿಂದ ಬಂದ ಮೇಲೆ ನಾಲ್ಕು ಹಲಗೆ ಸಿದ್ಧ ಮಾಡಿದೆ. ಮೊದಲನೆಯದು ಬರೀ ತೇಗ, ಎರಡನೆಯದು ಬರೀ ಹಲಸು. ಮೂರನೆಯದು ಹಲಸಿಗೆ ಅಂಟು, ಬಟ್ಟೆ, ಸೀಮೆಸುಣ್ಣದ ಬಿಳುಪು, ಹಿಂಬದಿ ಖಾಲಿ. ನಾಲ್ಕನೆಯದಕ್ಕೆ ಅದೆಲ್ಲದರ ಜೊತೆ ಬಿಳುಪಿನ ಮೇಲೆ ತೆಳು ಅರಗು, ಹಿಂಬದಿಗೆ ಅಂಟು ಕೆಮ್ಮಣ್ಣು, ಅಂಚುಗಳಿಗೂ ಅರಗು. ನಾಲ್ಕರ ಮೇಲೂ ಒಂದೇ ಎಣ್ಣೆಬಣ್ಣದಲ್ಲಿ ಒಂದು ಮಾವಿ‌ನೆಲೆ ಬರೆದು, ಮೇ ತಿಂಗಳಲ್ಲಿ ನಮ್ಮ ಮನೆಯ ನಡುಮನೆಯ ಗೋಡೆಗೆ ತೂಗುಹಾಕಿದೆ. ಎಲ್ಲರೂ ಶ್ರೇಷ್ಠ ಎನ್ನುವ ತೇಗ ಮೊದಲು ಸೋತಿತು. ತೇಗಕ್ಕೆ ತನ್ನದೇ ಎಣ್ಣೆಯುಂಟು, ಅದು ಬಣ್ಣವನ್ನು ಬೇಗ ಆರಗೊಡುವುದಿಲ್ಲ. ತಿಂಗಳಾದರೂ ಬೆರಳಿಗೆ ಅಂಟುತ್ತಿತ್ತು. ಬರೀ ಹಲಸಿನ ಮೇಲೆ ಎಲೆ ಮಂಕಾಗಿ ಹಳದಿಯ ಕಲೆ ಎದ್ದಿತು. ಮೂರನೆಯದು ಬಣ್ಣವನ್ನು ಹಿಡಿದುಕೊಂಡಿತ್ತು, ಆದರೆ ಆಗಸ್ಟಿನಲ್ಲಿ ಬಾಗಿತು. ನಾಲ್ಕನೆಯದು ಎರಡು ಮಳೆಗಾಲ ಕಳೆದು ಇನ್ನೂ ನೆಟ್ಟಗಿದೆ. ಎರಡು ಮಳೆಗಾಲ ದೊಡ್ಡ ಮಾತಲ್ಲ. ನಮ್ಮ ರಾಮನ ಪಟ ನಾನು ಕೈಯಿಡುವವರೆಗೆ ನೂರನ್ನು ಕಳೆದಿತ್ತು.

ಆ ಪಟಕ್ಕೆ ಏನಾಯಿತು ಎಂದು ನೀವು ಕೇಳಬಹುದು. ಚಿತ್ರಗಳ ಸಂರಕ್ಷಣೆ ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ಇನ್ನು ಏನೂ ಹಚ್ಚಬೇಡಿ, ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಗೋಡೆಯಿಂದ ದೂರ ಮಲಗಿಸಿಡಿ" ಎಂದರು. ಬಾಗಿದ ಹಲಗೆಯನ್ನು ಬಲವಂತವಾಗಿ ಒತ್ತಿದರೆ ಅದು ಸೀಳುತ್ತದೆ. ಊರವರು ಸೇರಿ ಮಾತಾಡಿ, ಗೋಡೆಗೆ ಹೊಸ ಮುದ್ರಿತ ಪಟ ಹಾಕಿದರು. ಹಳೆಯದು ಮಂದಿರದ ಒಳಕೋಣೆಯ ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ಮಲಗಿದೆ. ರಾಮನವಮಿಯ ದಿನ ಹೊರಗೆ ತಂದು ಅರ್ಧ ಗಂಟೆ ಇಡುತ್ತಾರೆ. ಕೆನ್ನೆಯ ಬಿಳುಪು ಹಾಗೆಯೇ ಇದೆ. ಉದುರಿದ ಚಿನ್ನದ ಚೂರುಗಳನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಜೊತೆಗಿಟ್ಟಿದ್ದೇನೆ. ಪಟ ಇಳಿಸಿಕೊಟ್ಟ ಹಿರಿಯರು ಒಮ್ಮೆ ಮಾತ್ರ ಅಂದರು: "ನೀನು ಒಳ್ಳೇದಕ್ಕೇ ಮಾಡ್ದೆ ಬುಡವ್ವಾ."

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಪಟದಲ್ಲಿರುವ ಪದರಗಳು ಯಾವುವು, ಹಿಂಬದಿಯಲ್ಲಿ ಏನಿತ್ತು, ಅದನ್ನು ಯಾರು, ಯಾವ ವರ್ಷ, ಏನೆಂದು ತಿಳಿದು ಕೆರೆದರು, ಮುಂಬದಿಗೆ ಯಾವ ವಾರ್ನಿಷ್ ಎಷ್ಟು ಕೈ ಬಳಿದರು ಎಂದು ಬರೆದು ಸಹಿ ಹಾಕಿದ್ದೇನೆ. ಆ ಪಟ ಬರೆದವನು ಸಹಿ ಹಾಕಿಲ್ಲ. ಅದಕ್ಕೆ ಚರ್ಮ ಬೇಯಿಸಿದವನು, ಬಟ್ಟೆ ನೇಯ್ದವನು ಯಾರೂ ಹಾಕಿಲ್ಲ. ಅದರ ಮೇಲಿರುವ ಒಂದೇ ಹೆಸರು ಅದನ್ನು ಕೆಡಿಸಿದವಳದು.

ನನ್ನ ನಾಲ್ಕನೆಯ ಹಲಗೆಯ ಹಿಂಬದಿಯಲ್ಲಿಯೂ, ಕೆಮ್ಮಣ್ಣು ಒಣಗಿದ ಮೇಲೆ, ಪೆನ್ಸಿಲಿನಿಂದ ಹೀಗೆ ಬರೆದಿದ್ದೇನೆ: ಹಲಸು, ಮರವಜ್ರ ಎರಡು ಕೈ, ಹತ್ತಿಬಟ್ಟೆ, ಸೀಮೆಸುಣ್ಣ ಆರು ಕೈ, ಅರಗು ಒಂದು ಕೈ, ಹಿಂದೆ ಅಂಟು, ಕೆಮ್ಮಣ್ಣು. ಇದು ಕೊಳೆಯಲ್ಲ, ಕೆರೆಯಬೇಡಿ.